ಇಟಲಿಯ ಹಳ್ಳಿಯಲ್ಲಿ ತೋಟದ ಮನೆ ಬಾಡಿಗೆಗೆ ಹಿಡಿಯುವ ಮುನ್ನ

ಪ್ರಶ್ನೆ: ಮಕ್ಕಳ ಬೇಸಿಗೆ ರಜೆಯಲ್ಲಿ ನಾವು ಆರು ಮಂದಿ, ಅಂದರೆ ನಾವಿಬ್ಬರು, ಇಬ್ಬರು ಮಕ್ಕಳು ಮತ್ತು ಎಪ್ಪತ್ತು ದಾಟಿದ ಅತ್ತೆ, ಮಾವ, ಇಟಲಿಗೆ ಹೋಗಬೇಕೆಂದಿದ್ದೇವೆ. ಎಲ್ಲರೂ ಸಸ್ಯಾಹಾರಿಗಳು. ಹೋಟೆಲಿನಲ್ಲಿ ಮೂರು ಕೋಣೆ ಹಿಡಿಯುವ ಬದಲು ಟಸ್ಕನಿಯ ಹಳ್ಳಿಗಾಡಿನಲ್ಲಿ ಅಡುಗೆಮನೆ ಇರುವ ತೋಟದ ಮನೆಯೊಂದನ್ನು ಬಾಡಿಗೆಗೆ ಹಿಡಿಯಬಹುದೇ? ಆರಿಸುವಾಗ ಏನನ್ನು ನೋಡಬೇಕು?

ಉತ್ತರ: ಹಿಡಿಯಬಹುದು, ನಿಮ್ಮಂಥ ಕುಟುಂಬಕ್ಕೆ ಹೋಟೆಲಿಗಿಂತ ಅದೇ ಹೆಚ್ಚು ಒಗ್ಗುತ್ತದೆ. ಆದರೆ ಆ ಮನೆಗೆ ಒಂದು ವಾರವನ್ನಾದರೂ ಕೊಡಬೇಕು, ಮತ್ತು ನಿಮ್ಮಲ್ಲೊಬ್ಬರು ಅಲ್ಲಿ ಕಾರು ಓಡಿಸಲು ಸಿದ್ಧರಿರಬೇಕು. ರೋಮ್, ಫ್ಲಾರೆನ್ಸ್, ವೆನಿಸ್ ಮೂರನ್ನೂ ಏಳೆಂಟು ದಿನಗಳಲ್ಲಿ ನೋಡಿ ಬರುವ ಯೋಚನೆಯಿದ್ದರೆ ಹಳ್ಳಿಯ ಮನೆ ಬೇಡ; ರೈಲು ನಿಲ್ದಾಣದ ಹತ್ತಿರದ ಹೋಟೆಲೇ ಸರಿ. ಬಹಳ ಮಂದಿ ಈಜುಕೊಳದ ಫೋಟೋ ನೋಡಿ ಈ ಮನೆಗಳನ್ನು ಆರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಮೊದಲು ವಿಚಾರಿಸಬೇಕಾದವು ಮನೆಯ ಮೆಟ್ಟಿಲು, ಮನೆಗೆ ಹೋಗುವ ದಾರಿ ಮತ್ತು ಅಡುಗೆಮನೆ.

ನಿಮ್ಮ ಜೊತೆ ಹಿರಿಯರಿರುವುದರಿಂದ ಮೆಟ್ಟಿಲಿನ ಮಾತನ್ನೇ ಮೊದಲು ಹೇಳುತ್ತೇನೆ. ಟಸ್ಕನಿ, ಉಂಬ್ರಿಯಾ, ಮಾರ್ಕೆ ಪ್ರಾಂತ್ಯಗಳಲ್ಲಿ ಬಾಡಿಗೆಗೆ ಸಿಗುವ ಹಳೆಯ ಕಲ್ಲಿನ ಮನೆಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಪಾಲಿಗೆ ಬೇಸಾಯ ಮಾಡುತ್ತಿದ್ದ ರೈತರ ಮನೆಗಳು. ಅಲ್ಲಿ ಶತಮಾನಗಳ ಕಾಲ ನಡೆದುಬಂದ ಮೆಜ್ಜದ್ರಿಯಾ ಎಂಬ ಪದ್ಧತಿಯಲ್ಲಿ ಭೂಮಿಯೂ ಮನೆಯೂ ಒಡೆಯನದು, ದುಡಿಮೆ ರೈತ ಕುಟುಂಬದ್ದು, ಬಂದ ಬೆಳೆಯಲ್ಲಿ ಇಬ್ಬರಿಗೂ ಅರ್ಧರ್ಧ. ಮನೆಯ ಕೆಳ ಅಂತಸ್ತಿನಲ್ಲಿ ಎತ್ತು, ದನಗಳ ಕೊಟ್ಟಿಗೆ. ಮೇಲಿನ ಅಂತಸ್ತಿನಲ್ಲಿ ಒಲೆ ಮತ್ತು ಮಲಗುವ ಕೋಣೆಗಳು. ಮೇಲೆ ಹೋಗಲು ಅನೇಕ ಕಡೆ ಹೊರಗೋಡೆಗೆ ಆತುಕೊಂಡ ಕಲ್ಲಿನ ಮೆಟ್ಟಿಲುಗಳು. ಎರಡನೆಯ ಮಹಾಯುದ್ಧದ ನಂತರ ಹಳ್ಳಿಯ ಜನ ಕಾರ್ಖಾನೆಗಳನ್ನು ಹುಡುಕಿಕೊಂಡು ನಗರಗಳಿಗೆ ಹೊರಟರು, 1964ರ ಕಾನೂನು ಹೊಸದಾಗಿ ಇಂಥ ಕರಾರು ಮಾಡಿಕೊಳ್ಳುವುದನ್ನೇ ನಿಷೇಧಿಸಿತು, ಎಷ್ಟೋ ಮನೆಗಳು ಬೀಗ ಹಾಕಿಸಿಕೊಂಡು ಪಾಳುಬಿದ್ದವು. ಮುಂದೆ ಅವುಗಳನ್ನೇ ದುರಸ್ತಿ ಮಾಡಿಸಿ, ಒಂದೊಂದನ್ನೂ ಎರಡು ಮೂರು ಅಪಾರ್ಟ್‌ಮೆಂಟುಗಳಾಗಿ ವಿಂಗಡಿಸಿ ಪ್ರವಾಸಿಗರಿಗೆ ಕೊಡತೊಡಗಿದರು. ಹೀಗಾಗಿ ಇಟ್ಟಿಗೆಯ ಕಮಾನಿನ ಚಾವಣಿಯುಳ್ಳ, ಫೋಟೋದಲ್ಲಿ ಬಹಳ ಚೆಂದ ಕಾಣುವ ನೆಲ ಅಂತಸ್ತಿನ ಮನೆ ಒಂದು ಕಾಲದ ಕೊಟ್ಟಿಗೆಯೇ ಆಗಿರುವ ಸಂಭವ ಹೆಚ್ಚು. ಅದು ತಂಪಾಗಿರುತ್ತದೆ, ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಆದರೆ ಕಿಟಕಿಗಳು ಚಿಕ್ಕವು. ಮೇಲಿನ ಮನೆಗೆ ಬೆಳಕೂ ನೋಟವೂ ಹೆಚ್ಚು, ಆದರೆ ಸವೆದ ಕಲ್ಲಿನ ಮೆಟ್ಟಿಲುಗಳನ್ನು ದಿನಕ್ಕೆ ಹತ್ತು ಸಲ ಹತ್ತಿಳಿಯಬೇಕು, ಎಲ್ಲ ಕಡೆಯೂ ಹಿಡಿಕಂಬಿ ಇರುತ್ತದೆಂದು ನಂಬುವಂತಿಲ್ಲ. ನಿಮ್ಮ ಅತ್ತೆ, ಮಾವನವರಿಗೆ ನೆಲ ಅಂತಸ್ತನ್ನೇ ಕೇಳಿ. ಮಲಗುವ ಕೋಣೆಯೂ ಸ್ನಾನದ ಮನೆಯೂ ಒಂದೇ ಮಟ್ಟದಲ್ಲಿವೆಯೇ ಎಂದು ಬರವಣಿಗೆಯಲ್ಲೇ ಉತ್ತರ ಪಡೆಯಿರಿ.

ರೈತರು ತಮ್ಮ ತೋಟದಲ್ಲೇ ಪ್ರವಾಸಿಗರನ್ನು ಇರಿಸಿಕೊಳ್ಳುವ, ಇಟಲಿಯವರು ಅಗ್ರಿತುರಿಸ್ಮೊ ಎಂದು ಕರೆಯುವ ಈ ವ್ಯವಸ್ಥೆಗೆ ಕಾನೂನಿನ ಚೌಕಟ್ಟಿದೆ. 1985ರಲ್ಲಿ ಮೊದಲ ರಾಷ್ಟ್ರೀಯ ಕಾನೂನು ಬಂತು, 2006ರ ಕಾನೂನು ಅದರ ಸ್ಥಾನದಲ್ಲಿ ನಿಂತಿತು. ಇವುಗಳ ತಿರುಳು ಒಂದೇ: ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಅತಿಥಿಗಳನ್ನು ಇರಿಸಿಕೊಳ್ಳುವುದು ಅದಕ್ಕೆ ಪೂರಕವಾಗಿರಬೇಕು. ಆದ್ದರಿಂದ ಬೆಳಗ್ಗೆ ಕಿಟಕಿಯ ಕೆಳಗೆ ಟ್ರ್ಯಾಕ್ಟರ್ ಸದ್ದು ಕೇಳಿದರೆ ಬೇಸರಪಡಬೇಡಿ. ನೀವು ಸರಿಯಾದ ಜಾಗಕ್ಕೇ ಬಂದಿದ್ದೀರಿ. ಸೆಪ್ಟೆಂಬರಿನಲ್ಲಿ ದ್ರಾಕ್ಷಿ ಕೊಯ್ಲು, ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಆಲಿವ್ ಕೊಯ್ಲು ನಡೆಯುವಾಗ ಮನೆಯೊಡೆಯರಿಗೆ ನಿಮ್ಮೊಡನೆ ಕೂತು ಮಾತನಾಡಲು ಬಿಡುವಿರುವುದಿಲ್ಲ. ಕೊಡಗಿನ ಹೋಂಸ್ಟೇಯಲ್ಲಿ ಮನೆಯವರೇ ಮೂರು ಹೊತ್ತು ಬಡಿಸುವುದನ್ನು ಕಂಡವರು ಇಲ್ಲಿಯೂ ಹಾಗೆಯೇ ಎಂದುಕೊಳ್ಳಬಾರದು. ಅಪಾರ್ಟ್‌ಮೆಂಟ್ ಹಿಡಿದವರಿಗೆ ಸಾಮಾನ್ಯವಾಗಿ ಕೀಲಿಕೈ, ಪಾತ್ರೆಗಳು ಮತ್ತು ಹಾಸಿಗೆ ಸಿಗುತ್ತವೆ. ಉಪಾಹಾರ ಅಥವಾ ರಾತ್ರಿಯೂಟ ಇದ್ದರೆ ಅದಕ್ಕೆ ಬೇರೆ ಹಣ, ಅದನ್ನು ಮೊದಲೇ ತಿಳಿಸಬೇಕು.

ಊರನ್ನು ಆರಿಸುವಾಗ ಕಿಲೋಮೀಟರ್ ಲೆಕ್ಕ ಮೋಸ ಮಾಡುತ್ತದೆ. ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಕಿಯಾಂತಿ ಗುಡ್ಡಗಳಲ್ಲಿ ರಸ್ತೆ ಸುತ್ತಿ ಸುತ್ತಿ ಸಾಗುತ್ತದೆ. ಅಲ್ಲಿನ ಗ್ರೇವೆ ಎಂಬ ಊರಿನಿಂದ ಫ್ಲಾರೆನ್ಸಿಗೆ ಮೂವತ್ತು ಕಿಲೋಮೀಟರಿನಷ್ಟೇ ದೂರವಾದರೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಚಿತ್ರಪಟಗಳಲ್ಲಿ ಕಾಣುವ ಸೈಪ್ರೆಸ್ ಮರಗಳ ಸಾಲು, ಅಲೆಯಲೆಯಾದ ಗೋಧಿ ಹೊಲಗಳು ಇರುವುದು ಇನ್ನೂ ದಕ್ಷಿಣದಲ್ಲಿ, 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ವಾಲ್ ದೋರ್ಚಾ ಕಣಿವೆಯಲ್ಲಿ. ಅಲ್ಲಿಂದ ಪಿಯೆಂಜಾ, ಮೊಂಟೆಪುಲ್ಚಾನೊ, ಮೊಂಟಾಲ್ಚಿನೊ ಎಂಬ ಊರುಗಳು ಹತ್ತಿರ, ಆದರೆ ಫ್ಲಾರೆನ್ಸಿಗೆ ಒಂದೇ ದಿನದಲ್ಲಿ ಹೋಗಿ ಬರುವುದೆಂದರೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಮಕ್ಕಳಿಗೆ ಮ್ಯೂಸಿಯಂ ತೋರಿಸುವ ಆಸೆಯಿದ್ದರೆ ಕಿಯಾಂತಿಯ ಉತ್ತರ ಭಾಗ ಮೇಲು. ಬೆಟ್ಟ, ಹೊಲ, ಚಿಕ್ಕ ಊರುಗಳಲ್ಲೇ ವಾರ ಕಳೆಯುವುದಾದರೆ ವಾಲ್ ದೋರ್ಚಾ. ಎಲ್ಲಿಯೇ ಆಗಲಿ, ಡಾಂಬರು ರಸ್ತೆಯಿಂದ ಮನೆಗೆ ಎಷ್ಟು ದೂರ ಎಂದು ಕೇಳಲೇಬೇಕು. ಬಿಳಿಯ ಜಲ್ಲಿಯ ಮಣ್ಣುದಾರಿಯಲ್ಲಿ ಎರಡು ಮೂರು ಕಿಲೋಮೀಟರ್ ಏರಿಳಿಯುವುದು ಹಗಲಲ್ಲಿ ಖುಷಿ ಕೊಡುತ್ತದೆ, ದೀಪವೇ ಇಲ್ಲದ ರಾತ್ರಿಯಲ್ಲಿ ಹೊಸಬರಿಗೆ ದಿಗಿಲು ಹುಟ್ಟಿಸುತ್ತದೆ.

ಕಾರು ಏಕೆ ಬೇಕೆಂದರೆ, ಹಳ್ಳಿಯ ಬಸ್ಸುಗಳು ಹೆಚ್ಚಾಗಿ ಶಾಲಾ ಮಕ್ಕಳ ಮತ್ತು ಕೆಲಸಕ್ಕೆ ಹೋಗುವವರ ವೇಳೆಗೆ ಹೊಂದಿಕೊಂಡು ಓಡುತ್ತವೆ. ಭಾನುವಾರ ಬಹಳ ಕಡಿಮೆ, ತೋಟದ ಬಾಗಿಲಿಗಂತೂ ಬರುವುದಿಲ್ಲ. ಕರ್ನಾಟಕದ ಲೈಸೆನ್ಸ್ ಇರುವವರು ಹೊರಡುವ ಮುನ್ನ ತಮ್ಮ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದುಕೊಳ್ಳಬೇಕು. ಅದು ಒಂದು ವರ್ಷದ ಮಟ್ಟಿಗೆ ಇರುತ್ತದೆ, ಮೂಲ ಲೈಸೆನ್ಸನ್ನೂ ಜೊತೆಗೆ ಒಯ್ಯಬೇಕು. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ಸ್ಟೀರಿಂಗ್ ಎಡಕ್ಕೆ. ಬಾಡಿಗೆ ಕಾರುಗಳಲ್ಲಿ ಗೇರ್ ಹಾಕುವ ಕಾರುಗಳೇ ಹೆಚ್ಚಾದ್ದರಿಂದ ಆಟೋಮ್ಯಾಟಿಕ್ ಬೇಕಿದ್ದರೆ ಬೇಗ ಕಾದಿರಿಸಿ. ಆರು ಮಂದಿ ಮತ್ತು ಅವರ ಪೆಟ್ಟಿಗೆಗಳೆಂದರೆ ಏಳು ಸೀಟಿನ ಕಾರೂ ಇಕ್ಕಟ್ಟಾಗುತ್ತದೆ, ಸಾಮಾನು ಕಡಿಮೆ ಮಾಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಫ್ಲಾರೆನ್ಸ್, ಸಿಯೆನಾ, ಪೀಸಾ, ಲುಕ್ಕಾ ಮೊದಲಾದ ಊರುಗಳ ಹಳೆಯ ಭಾಗಕ್ಕೆ ಅನುಮತಿಯಿಲ್ಲದ ವಾಹನ ಹೋಗುವಂತಿಲ್ಲ. ಜೆಡ್‌ಟಿಎಲ್ (ZTL, ಅಂದರೆ ವಾಹನ ಸಂಚಾರ ನಿರ್ಬಂಧಿತ ವಲಯ) ಎಂದು ಬರೆದ ಫಲಕದ ಬಳಿ ಕ್ಯಾಮೆರಾ ಇರುತ್ತದೆ, ತಡೆಯುವ ಪೊಲೀಸರು ಇರುವುದಿಲ್ಲ; ದಂಡದ ನೋಟಿಸು ತಿಂಗಳುಗಳ ನಂತರ ಬೆಂಗಳೂರಿನ ವಿಳಾಸಕ್ಕೆ ಬರಬಹುದು, ಕಾರಿನ ಕಂಪನಿಯೂ ತನ್ನ ಶುಲ್ಕವನ್ನು ಕ್ರೆಡಿಟ್ ಕಾರ್ಡಿನಿಂದ ಕಡಿತ ಮಾಡಿರುತ್ತದೆ. ಊರ ಗೋಡೆಯ ಹೊರಗೆ ಕಾರು ನಿಲ್ಲಿಸಿ ನಡೆದು ಒಳಗೆ ಹೋಗುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ.

ಇನ್ನು ಅಡುಗೆಮನೆ. ಸಸ್ಯಾಹಾರಿ ಕುಟುಂಬಕ್ಕೆ ಈ ಮನೆಗಳ ನಿಜವಾದ ಬೆಲೆ ಇರುವುದು ಇಲ್ಲಿಯೇ. ಹೋಟೆಲುಗಳಲ್ಲಿ ತರಕಾರಿ ಸೂಪ್ ಎಂದು ಬಂದದ್ದರಲ್ಲಿ ಹಂದಿಯ ಕೊಬ್ಬು ಇರುವುದುಂಟು, ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಹಾಲು ಒಡೆಯಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುವುದೇ ನಿಯಮ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಿರಿಯರಿಗೆ ಸ್ವಂತ ಒಲೆಯೊಂದಿದ್ದರೆ ನೆಮ್ಮದಿ. ಒಲೆ ಗ್ಯಾಸಿನದೋ ಇಂಡಕ್ಷನ್ನೋ ಕೇಳಿ ತಿಳಿದುಕೊಳ್ಳಿ, ಏಕೆಂದರೆ ಮನೆಯಿಂದ ಒಯ್ದ ಸಾಮಾನ್ಯ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಬಿಸಿಯಾಗುವುದೇ ಇಲ್ಲ. ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ ಇರುವುದು 3 ಕಿಲೋವಾಟ್ ವಿದ್ಯುತ್ ಸಂಪರ್ಕ. ಓವನ್ ಉರಿಯುತ್ತಿರುವಾಗ ಬಟ್ಟೆ ಒಗೆಯುವ ಯಂತ್ರ ಹಾಕಿ, ಅದರ ಜೊತೆಗೆ ನೀರು ಕಾಯಿಸುವ ಕೆಟಲನ್ನೂ ಹಾಕಿದರೆ ಮನೆಯೆಲ್ಲ ಕತ್ತಲಾಗುತ್ತದೆ. ಸ್ವಿಚ್ ಮೇಲಕ್ಕೆತ್ತಬೇಕಾದ ಮೀಟರ್ ಪೆಟ್ಟಿಗೆ ಅಂಗಳದ ಆಚೆ, ಗೇಟಿನ ಪಕ್ಕದಲ್ಲಿ ಇರಬಹುದು. ಅದೆಲ್ಲಿದೆ ಎಂದು ಬಂದ ದಿನ ಬೆಳಕಿರುವಾಗಲೇ ನೋಡಿಟ್ಟುಕೊಳ್ಳಿ. ನಮ್ಮ ತೆಳು ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಅಲ್ಲಿನ ಸಾಕೆಟ್ಟಿಗೆ ಹೊಂದುತ್ತದೆ, ಮೂರು ಪಿನ್ನಿನ ಪ್ಲಗ್ಗಿಗೆ ಅಡಾಪ್ಟರ್ ಬೇಕು.

ಪೆಟ್ಟಿಗೆ ಕಟ್ಟುವಾಗ ಇನ್ನೊಂದು ಎಚ್ಚರ ಅಗತ್ಯ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸದ ಹಾಗೂ ಹಾಲಿನ ಪದಾರ್ಥಗಳನ್ನು ತರುವಂತಿಲ್ಲ. ತುಪ್ಪ, ಪೇಡ ಹಾಲಿನ ಲೆಕ್ಕಕ್ಕೇ ಬರುತ್ತವೆ. ಹಸಿ ಕರಿಬೇವನ್ನೂ ಒಯ್ಯಬೇಡಿ. ಸಾರಿನ ಪುಡಿ, ಹುಳಿ ಪುಡಿ, ಇಂಗು, ತೊಗರಿಬೇಳೆಗಳನ್ನು ಅಂಗಡಿಯ ಮುಚ್ಚಿದ ಪೊಟ್ಟಣದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಬೆಣ್ಣೆ ಅಲ್ಲೇ ಕೊಂಡು ಕಾಯಿಸಿದರೆ ಹತ್ತು ನಿಮಿಷದಲ್ಲಿ ತುಪ್ಪ ಸಿದ್ಧ. ಕೋಪ್, ಕೊನಾಡ್‌ನಂಥ ದೊಡ್ಡ ಅಂಗಡಿಗಳಲ್ಲಿ ಬಾಸ್ಮತಿ ಅಕ್ಕಿ, ಕಡಲೆ, ಸಪ್ಪೆ ಮೊಸರು ಸಿಗುತ್ತವೆ. ಅಲ್ಲಿನದೇ ಆದ ಬಿಳಿ ಕನ್ನೆಲ್ಲಿನಿ ಕಾಳು, ಉಂಬ್ರಿಯಾದ ಕಾಸ್ತೆಲ್ಲುಚ್ಚೊದ ಸಣ್ಣ ಲೆಂಟಿಲ್, ತೋಟದ ಟೊಮ್ಯಾಟೊ ಸೇರಿಸಿ ಮಾಡಿದ ಹುಳಿ ಬಿಸಿ ಅನ್ನಕ್ಕೆ ಚೆನ್ನಾಗಿ ಹೊಂದುತ್ತದೆ. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ; ಅದರ ಮೇಲೆ ಆ ತೋಟದ್ದೇ ಆಲಿವ್ ಎಣ್ಣೆ ಮತ್ತು ಚಿಟಿಕೆ ಉಪ್ಪು ಹಾಕಿ ಮಕ್ಕಳಿಗೆ ಕೊಟ್ಟು ನೋಡಿ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿಡಿ, ಪಕ್ಕದ ಅಪಾರ್ಟ್‌ಮೆಂಟಿನಲ್ಲೂ ಜನರಿರುತ್ತಾರೆ.

ಜುಲೈ, ಆಗಸ್ಟ್ ತಿಂಗಳಲ್ಲಿ ಹೆಚ್ಚಿನ ಮನೆಗಳನ್ನು ಶನಿವಾರದಿಂದ ಶನಿವಾರಕ್ಕೆ ಮಾತ್ರ ಕೊಡುತ್ತಾರೆ, ದರವೂ ಆಗ ಗಗನಕ್ಕೇರಿರುತ್ತದೆ. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ ಬೀಳುವುದು ಈ ವಿಷಯದಲ್ಲಿ ದೊಡ್ಡ ಅನುಕೂಲ: ಗೋಧಿ ಇನ್ನೂ ಹಸಿರಾಗಿರುತ್ತದೆ, ಮೇ ತಿಂಗಳಲ್ಲಿ ಹೊಲದ ಬದುಗಳಲ್ಲಿ ಕೆಂಪು ಪಾಪಿ ಹೂ ಅರಳುತ್ತದೆ, ವಾರಕ್ಕಿಂತ ಕಡಿಮೆ ದಿನಕ್ಕೂ ಒಪ್ಪುವ ಮನೆಗಳಿರುತ್ತವೆ. ಆದರೆ ಈಜುಕೊಳದ ನೀರು ತಣ್ಣಗಿರುತ್ತದೆ ಅಥವಾ ಕೊಳವಿನ್ನೂ ತೆರೆದೇ ಇರುವುದಿಲ್ಲ. ಫ್ಲಾರೆನ್ಸ್ ಸುತ್ತಿನ ಪ್ರದೇಶದಲ್ಲಿ ಮನೆ ಬಿಸಿ ಮಾಡುವ ವ್ಯವಸ್ಥೆಯ ಅವಧಿ ಏಪ್ರಿಲ್ 15ಕ್ಕೆ ಮುಗಿಯುತ್ತದೆ, ಕಲ್ಲಿನ ಮನೆಯೊಳಗೆ ರಾತ್ರಿ ಚಳಿ ಹಿಡಿಯುತ್ತದೆ. ಹಿರಿಯರಿಗೆ ಹೆಚ್ಚುವರಿ ಹೊದಿಕೆಯೂ ಒಂದು ಹೀಟರೂ ಸಿಗುತ್ತವೆಯೇ ಎಂದು ಕೇಳಿ. ಶನಿವಾರ ಸಂಜೆ ತಲುಪುವವರು ದಾರಿಯಲ್ಲೇ ದಿನಸಿ ಕೊಂಡುಬಿಡಬೇಕು. ಹಳ್ಳಿಯ ಚಿಕ್ಕ ಅಂಗಡಿಗಳು ಮಧ್ಯಾಹ್ನದ ಹೊತ್ತು ಮೂರು ನಾಲ್ಕು ಗಂಟೆಗಳ ಕಾಲ ಬಾಗಿಲು ಹಾಕುತ್ತವೆ, ಭಾನುವಾರ ತೆರೆಯುವುದೇ ಅಪರೂಪ.

ಹಣದ ವಿಷಯದಲ್ಲಿ ತೋರಿಸಿದ ಬಾಡಿಗೆಯೇ ಕೊನೆಯದಲ್ಲ. ಕೊನೆಯ ದಿನದ ಸ್ವಚ್ಛತಾ ಶುಲ್ಕ, ಕೆಲವು ಕಡೆ ಹಾಸು ಹೊದಿಕೆ ಮತ್ತು ಟವೆಲುಗಳ ಬಾಡಿಗೆ, ಮರಳಿ ಕೊಡುವ ಭದ್ರತಾ ಠೇವಣಿ, ಅನೇಕ ಊರುಗಳಲ್ಲಿ ತಲೆಗೆ ಇಷ್ಟು ರಾತ್ರಿಗೆ ಇಷ್ಟು ಎಂದು ಕೊಡಬೇಕಾದ ಪ್ರವಾಸಿ ತೆರಿಗೆ, ಇವನ್ನೆಲ್ಲ ಸೇರಿಸಿ ಒಟ್ಟು ಎಷ್ಟೆಂದು ಕೇಳಿ. 2025ರ ಆರಂಭದಿಂದ ಇಟಲಿಯಲ್ಲಿ ಪ್ರವಾಸಿಗರಿಗೆ ಕೊಡುವ ಪ್ರತಿಯೊಂದು ವಸತಿಗೂ ಸಿಐಎನ್ ಎಂಬ ರಾಷ್ಟ್ರೀಯ ಗುರುತು ಸಂಖ್ಯೆ ಕಡ್ಡಾಯ. ಜಾಹೀರಾತಿನಲ್ಲಿ ಅದು ಕಾಣದಿದ್ದರೆ ಮುಂದುವರಿಯಬೇಡಿ. ಬುಕಿಂಗ್ ತಾಣದ ಹೊರಗೆ ನೇರವಾಗಿ ಬ್ಯಾಂಕಿಗೆ ಪೂರ್ತಿ ಹಣ ಕಳಿಸಿ ಎನ್ನುವವರಿಂದಲೂ ದೂರವಿರಿ. ತಲುಪಿದ ಮೇಲೆ ಮನೆಯವರು ಎಲ್ಲರ ಪಾಸ್‌ಪೋರ್ಟ್ ಕೇಳುತ್ತಾರೆ, ಅತಿಥಿಗಳ ವಿವರವನ್ನು ಪೊಲೀಸರಿಗೆ ತಿಳಿಸುವುದು ಅವರ ಕರ್ತವ್ಯವಾದ್ದರಿಂದ ಸಂಶಯಪಡಬೇಕಾಗಿಲ್ಲ.

ವೀಸಾಕ್ಕೆ ತಡಮಾಡಬೇಡಿ. ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಶೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲು ಹಾಕಲೇಬೇಕು. ಒಬ್ಬೊಬ್ಬರಿಗೂ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಇರಬೇಕು, ಉಳಿಯುವ ಜಾಗದ ದಾಖಲೆ ತೋರಿಸಬೇಕು. ವೀಸಾ ಸಿಗದಿದ್ದರೆ ಮುಂಗಡ ಮರಳಿ ಬರುವಂಥ ಬುಕಿಂಗನ್ನೇ ಮಾಡಿ. ತೋಟದ ಮನೆಯವರು ಸಾಮಾನ್ಯವಾಗಿ ಕಾದಿರಿಸಿದವರೊಬ್ಬರ ಹೆಸರಿನಲ್ಲಿ ಮಾತ್ರ ದೃಢೀಕರಣ ಪತ್ರ ಕಳಿಸುತ್ತಾರೆ. ನಿಮ್ಮ ಆರೂ ಮಂದಿಯ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಮನೆಯ ಪೂರ್ಣ ವಿಳಾಸ ಮತ್ತು ಬಂದು ಹೋಗುವ ದಿನಾಂಕಗಳೊಂದಿಗೆ ಅದರಲ್ಲಿ ಬರುವಂತೆ ಕೇಳಿ ಬರೆಸಿಕೊಂಡು, ಆಮೇಲೆ ಅರ್ಜಿ ಸಲ್ಲಿಸಿ.