ಕೌಂಟಿ ಪಾರ್ಕಿನಲ್ಲಿ ಬಂದೂಕು: ಬೇಡ ಎನ್ನುವ ಅಧಿಕಾರ ಯಾರದು?

ವರ್ಜೀನಿಯಾದಲ್ಲಿ ವಕೀಲಿಕೆ ಮಾಡುವ ನನಗೆ ಬೇಸಿಗೆ ಬಂತೆಂದರೆ ಇಲ್ಲಿನ ಕನ್ನಡದವರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಪಿಕ್ನಿಕ್ಕಿಗೆ ಕೌಂಟಿ ಪಾರ್ಕಿನಲ್ಲಿ ಶೆಲ್ಟರ್ ಬುಕ್ ಮಾಡಿದ್ದೇವೆ. ಯಾರಾದರೂ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಬಂದರೆ?" ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ. ಇಲ್ಲಿನ ಫೇರ್‌ಫ್ಯಾಕ್ಸ್ ಕೌಂಟಿಯ ಪಾರ್ಕಾದರೆ ಉತ್ತರ ಸುಲಭ. ಅಲ್ಲಿ ಬಂದೂಕು ತರುವಂತಿಲ್ಲ. ನೀವು ಜಗಳಕ್ಕೆ ಹೋಗಬೇಡಿ, ಪೊಲೀಸರಿಗೆ ಫೋನ್ ಮಾಡಿ. 2020ಕ್ಕೆ ಮುಂಚೆ ಕೇಳಿದ್ದರೆ ಉತ್ತರ ಬೇರೆಯೇ ಇರುತ್ತಿತ್ತು. ಈ ರಾಜ್ಯದಲ್ಲಿ ಸಾಮಾನ್ಯವಾಗಿ 18 ತುಂಬಿದವರು ಕೈಬಂದೂಕನ್ನು ಎದ್ದು ಕಾಣುವಂತೆ ಧರಿಸಿ ಓಡಾಡಲು ಪರವಾನಗಿ ಬೇಕಿಲ್ಲ. ತನ್ನದೇ ಪಾರ್ಕಿನಲ್ಲೂ ಬೇಡ ಎನ್ನುವ ಹಕ್ಕು ಆಗ ಕೌಂಟಿಗೆ ಇರಲಿಲ್ಲ.

ಜಾಗ ಕೌಂಟಿಯದು, ತೆರಿಗೆ ಕೌಂಟಿಯದು, ಆದರೂ ಯಾಕಿಲ್ಲ? ವರ್ಜೀನಿಯಾ ಇಂದಿಗೂ ಪಾಲಿಸುವುದು ಅಯೋವಾದ ನ್ಯಾಯಾಧೀಶ ಜಾನ್ ಡಿಲ್ಲನ್ 1868ರಲ್ಲಿ ಹೇಳಿದ ಸೂತ್ರವನ್ನು: ರಾಜ್ಯ ಕೊಟ್ಟ ಅಧಿಕಾರವಷ್ಟೇ ಸ್ಥಳೀಯ ಸಂಸ್ಥೆಗೆ ಉಂಟು, ಅನುಮಾನ ಬಂದರೆ ಇಲ್ಲ ಎಂದೇ ಲೆಕ್ಕ. ಬಂದೂಕಿನ ವಿಷಯದಲ್ಲಂತೂ ಸ್ಥಳೀಯ ಸಂಸ್ಥೆಗಳು ಕೈಹಾಕಬಾರದು ಎಂದು ಪ್ರತ್ಯೇಕ ಕಾನೂನೇ ಇತ್ತು. ಇದು ಇಲ್ಲಿಯ ವಿಚಿತ್ರವೇನಲ್ಲ, ಅಮೆರಿಕದ ಬಹುಪಾಲು ರಾಜ್ಯಗಳ ಕಥೆ ಇದೇ. ಫ್ಲೋರಿಡಾ ಇನ್ನೂ ಒಂದು ಹೆಜ್ಜೆ ಮುಂದೆ. ಬೇಕೆಂದೇ ನಗರದ ಮಟ್ಟದಲ್ಲಿ ಬಂದೂಕು ನಿಯಮ ಮಾಡಿದ ಜನಪ್ರತಿನಿಧಿಗೆ ವೈಯಕ್ತಿಕವಾಗಿ 5,000 ಡಾಲರ್‌ವರೆಗೆ ದಂಡ! ಆ ದಂಡ ಸರಿಯೆಂದು ಅಲ್ಲಿಯ ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಊರಿನಲ್ಲಿ ಡಿಸಿ ಅಥವಾ ಪೊಲೀಸ್ ಕಮಿಷನರ್ ಕೊಡುವ ಲೈಸೆನ್ಸ್ ಬಿಟ್ಟರೆ ಬಂದೂಕೇ ಇಲ್ಲ ಎಂದು ತಿಳಿದು ಬೆಳೆದವರಿಗೆ ಇದು ತಲೆಕೆಳಗಾಗಿ ಕಾಣುವುದು ಸಹಜ.

ವರ್ಜೀನಿಯಾದ ಮನಸ್ಸು ಬದಲಾಗಲು ಎರಡು ಘಟನೆ ಬೇಕಾದವು. 2017ರ ಆಗಸ್ಟ್‌ನಲ್ಲಿ ಶಾರ್ಲೆಟ್ಸ್‌ವಿಲ್‌ನ ಬೀದಿಗಳಲ್ಲಿ ಖಾಸಗಿ ಪಡೆಗಳು ರೈಫಲ್ ಹಿಡಿದು ನಿಂತವು. 2019ರ ಮೇ 31ರಂದು ವರ್ಜೀನಿಯಾ ಬೀಚ್‌ನ ಪಾಲಿಕೆ ಕಟ್ಟಡದಲ್ಲಿ ಅಲ್ಲಿಯ ನೌಕರನೇ ಗುಂಡು ಹಾರಿಸಿ 12 ಜನರನ್ನು ಕೊಂದ. ಆ ನವೆಂಬರ್‌ನ ಚುನಾವಣೆಯಲ್ಲಿ ಶಾಸನಸಭೆ ಬಂದೂಕು ನಿಯಂತ್ರಣ ಬೇಕೆನ್ನುವ ಡೆಮಾಕ್ರಟರ ಕೈಗೆ ಬಂತು. ಹೊಸ ಕಾನೂನು 2020ರ ಜುಲೈ 1ರಿಂದ ಜಾರಿ.

ಈ ಕಾನೂನು ಬಂದೂಕನ್ನು ತಾನಾಗಿ ಎಲ್ಲೂ ನಿಷೇಧಿಸಿಲ್ಲ. ಕೌಂಟಿ, ನಗರ, ಪಟ್ಟಣಗಳಿಗೆ ಬೇಕಿದ್ದರೆ ನಿಷೇಧಿಸಿಕೊಳ್ಳಿ ಎಂದಿದೆ, ಅದೂ ಅಳೆದು ತೂಗಿ ಕೊಟ್ಟ ಜಾಗಗಳಲ್ಲಿ: ತಮ್ಮ ಕಟ್ಟಡಗಳು, ಪಾರ್ಕುಗಳು, ಮನರಂಜನಾ ಮತ್ತು ಸಮುದಾಯ ಕೇಂದ್ರಗಳು, ಜತೆಗೆ ಅನುಮತಿ ಬೇಕಾದ ಕಾರ್ಯಕ್ರಮ ನಡೆಯುವ ಬೀದಿ, ಅದಕ್ಕೆ ಹೊಂದಿಕೊಂಡ ಕಾಲುದಾರಿ. ಬಂದೂಕು ಮಾತ್ರವಲ್ಲ, ಗುಂಡು, ಬಿಡಿಭಾಗಗಳೂ ಇದರಲ್ಲಿ ಸೇರಿವೆ. ಫೇರ್‌ಫ್ಯಾಕ್ಸ್ 2020ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿತು. ಬಂದೂಕಿನ ಹಕ್ಕು ಕೊಡುವ ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿಯ ಹೆಸರಿನಲ್ಲಿ "ಎರಡನೇ ತಿದ್ದುಪಡಿಯ ಆಶ್ರಯತಾಣ" ಎಂದು ಠರಾವು ಮಾಡಿಕೊಂಡ ಗ್ರಾಮೀಣ ಕೌಂಟಿಗಳಿಂದ ಅದನ್ನು ನಿರೀಕ್ಷಿಸಬೇಡಿ.

ನಿಯಮ ಮಾಡಿದರಷ್ಟೇ ಸಾಲದು, ಪ್ರವೇಶದ್ವಾರಗಳಲ್ಲೆಲ್ಲ ಬೋರ್ಡು ಹಾಕಬೇಕೆಂದು ಕಾನೂನೇ ಹೇಳುತ್ತದೆ. ಗುಮಾಸ್ತರ ಕೆಲಸವೆಂದು ಇದನ್ನು ತಳ್ಳಿಹಾಕುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಕಟ್ಟಡಕ್ಕೆ ಬಾಗಿಲುಗಳಿರುತ್ತವೆ, ಪಾರ್ಕಿಗೆ ಎಲ್ಲಿವೆ? ರಿವರ್‌ಬೆಂಡ್ ಪಾರ್ಕ್ ಫೇರ್‌ಫ್ಯಾಕ್ಸ್ ಕೌಂಟಿಯದು. ಅಲ್ಲಿಂದ ಪೊಟೋಮ್ಯಾಕ್ ದಂಡೆಯ ಕಾಲುಹಾದಿ ಹಿಡಿದು ಕೆಳಗೆ ನಡೆದರೆ ಗ್ರೇಟ್ ಫಾಲ್ಸ್ ಪಾರ್ಕ್ ಸಿಗುತ್ತದೆ. ಅದು ರಾಷ್ಟ್ರೀಯ ಉದ್ಯಾನ ಇಲಾಖೆಯ ನೆಲ, ಕೌಂಟಿಯ ಮಾತು ಅಲ್ಲಿ ನಡೆಯದು. 2010ರಿಂದ ಇಂಥ ಕಡೆ ರಾಜ್ಯದ ಕಾನೂನು ಒಪ್ಪಿದರೆ ಬಂದೂಕು ಇಟ್ಟುಕೊಳ್ಳಬಹುದು, ಒಳಗಿನ ಕೇಂದ್ರ ಸರ್ಕಾರದ ಕಟ್ಟಡಗಳಿಗೆ ಮಾತ್ರ ಒಯ್ಯುವಂತಿಲ್ಲ. ಒಂದೇ ನದಿ, ಒಂದೇ ದಾರಿ, ಕಾನೂನು ಮಾತ್ರ ಎರಡು. ಅದಕ್ಕೇ ಸ್ಥಳದ ವಿಷಯ ಕೇಳಿದವರಿಗೆಲ್ಲ ನನ್ನ ಮೊದಲ ಪ್ರಶ್ನೆ: ನೆಲ ಯಾರದು? ರಾಜ್ಯೋತ್ಸವಕ್ಕೆ ಶಾಲೆಯ ಆಡಿಟೋರಿಯಂ ಹಿಡಿದರೆ ಚಿಂತೆ ಕಡಿಮೆ, ಶಾಲೆಯ ಆವರಣದಲ್ಲಿ ರಾಜ್ಯವೇ ನಿಷೇಧ ಹಾಕಿದೆ.

ಸಂವಿಧಾನದ ಪ್ರಶ್ನೆ ಬೇರೆಯೇ ಇದೆ. 2008ರ ಹೆಲ್ಲರ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಾಲೆ, ಸರ್ಕಾರಿ ಕಟ್ಟಡಗಳನ್ನು ಸೂಕ್ಷ್ಮ ಸ್ಥಳಗಳೆಂದು, ಅಂದರೆ ಬಂದೂಕು ನಿಷೇಧಿಸಬಹುದಾದ ಜಾಗಗಳೆಂದು ಕರೆಯಿತು. ಪಾರ್ಕಿನ ಮಾತು ಅಲ್ಲಿಲ್ಲ. ಅದೇ ಕೋರ್ಟಿನ 2022ರ ಬ್ರೂಯೆನ್ ತೀರ್ಪಿನ ನಂತರ ಬಂದೂಕಿನ ಮೇಲಿನ ನಿರ್ಬಂಧವನ್ನು ಸಮರ್ಥಿಸಲು ಸರ್ಕಾರ ಇತಿಹಾಸದಿಂದ ಉದಾಹರಣೆ ಹೆಕ್ಕಿ ತೋರಿಸಬೇಕು. ಹಾಗಾಗಿ ನಗರದ ವಕೀಲರು 19ನೇ ಶತಮಾನದ ಪಾರ್ಕ್ ನಿಯಮಗಳನ್ನು ಹುಡುಕುತ್ತ ಕೂರುತ್ತಾರೆ. ಫೇರ್‌ಫ್ಯಾಕ್ಸ್ ನಿಯಮವನ್ನು 2024ರಲ್ಲಿ ಫೆಡರಲ್ (ಕೇಂದ್ರದ) ಜಿಲ್ಲಾ ನ್ಯಾಯಾಲಯ ಎತ್ತಿಹಿಡಿದದ್ದೂ ಇಂಥ ವಾದದ ಮೇಲೆಯೇ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಬೇಟೆಯ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ವಾರಾಂತ್ಯದ ಮೋಜಿಗೆಂದು ಗುಂಡು ಹಾರಿಸುವ ರೇಂಜಿನಲ್ಲಿ ಕೈಗೆತ್ತಿಕೊಂಡರೂ ಕಾನೂನಿಗೆ ಸಿಕ್ಕಿಬೀಳಬಹುದು.

ಕಾರ್ಯಕ್ರಮಕ್ಕೆ ಬಂದೂಕು ಹೊತ್ತ ಸೆಕ್ಯುರಿಟಿಯನ್ನು ನೇಮಿಸಿಕೊಳ್ಳುವ ಯೋಚನೆಯಿದ್ದರೆ ಮುಂಗಡ ಕೊಡುವ ಮೊದಲು ಕೌಂಟಿಗೆ ಇಮೇಲ್ ಬರೆದು ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ. ಕೌಂಟಿ ತಾನೇ ನೇಮಿಸಿದ ಕಾವಲುಗಾರನಿಗೆ ಇರುವ ವಿನಾಯಿತಿ ನೀವು ಕರೆತಂದವನಿಗೂ ಇದೆಯೆಂದು ಅಂದುಕೊಳ್ಳಬೇಡಿ.