ಲಾಹೌಲ್ ರಸ್ತೆಯ ಕಲ್ಲು, ನಮ್ಮ ಆನೆಗುಂದಿಯ ಕಲ್ಲು

ಗಂಗಾವತಿ, ಕಂಪ್ಲಿ ಕಡೆಯಿಂದ ಬೈಕ್ ಮೇಲೆ ಮನಾಲಿ-ಲೇಹ್ ರಸ್ತೆಗೆ ಹೋಗಿಬರುವ ಹುಡುಗರು ಈಗ ಊರಿಗೊಬ್ಬರಾದರೂ ಸಿಗುತ್ತಾರೆ. ಎಲ್ಲರೂ ಶಿಖರ ನೋಡುತ್ತಾರೆ, ಹಿಮ ನೋಡುತ್ತಾರೆ. ನಾನು ಹೇಳುವುದು ಇಷ್ಟೇ: ಅಲ್ಲಿ ರಸ್ತೆ ಪಕ್ಕ ಬಿದ್ದಿರುವ ಕಲ್ಲನ್ನೂ ಒಂದಿಷ್ಟು ನಿಂತು ನೋಡಿ. ಬಂಡೆಗಳ ನಡುವೆಯೇ ಬೆಳೆದ ನಮಗೆ ಅದರ ಕಥೆ ಬೇಗ ತಲೆಗೆ ಹತ್ತುತ್ತದೆ.

ಮೊದಲು ದಾರಿ. ಹಿಂದೆ ಮನಾಲಿಯಿಂದ ಹಿಮಾಚಲದ ಲಾಹೌಲ್ ಕಣಿವೆಗೆ ಹೋಗಬೇಕೆಂದರೆ 3,978 ಮೀಟರ್ ಎತ್ತರದ ರೋಹ್ತಾಂಗ್ ಘಾಟಿ ಹತ್ತಿ ಇಳಿಯಬೇಕಿತ್ತು. 2020ರ ಅಕ್ಟೋಬರ್‌ನಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಶುರುವಾಯಿತು. ಮನಾಲಿ ಕಡೆಯ ಈಚೆ ಬಾಯಿಯಲ್ಲಿ ದೇವದಾರು, ಹಸಿರು, ಮಳೆ. ಆಚೆ ಬಾಯಿಯಲ್ಲಿ ಬೋಳು ಬೆಟ್ಟ. ಪೀರ್ ಪಂಜಾಲ್ ಬೆಟ್ಟಸಾಲು ಮುಂಗಾರಿನ ಮೋಡವನ್ನು ಬಹುಪಾಲು ಈಚೆಗೇ ತಡೆದು ನಿಲ್ಲಿಸುತ್ತದೆ. ನಮ್ಮಲ್ಲಿ ಸಹ್ಯಾದ್ರಿ ಮಾಡುವುದೂ ಅದನ್ನೇ ಅಲ್ವಾ? ಆಗುಂಬೆಯಲ್ಲಿ ಮಳೆ ಸುರಿಯುತ್ತಿದ್ದರೆ ಕೊಪ್ಪಳದಲ್ಲಿ ಬರೀ ಗಾಳಿ.

ಸುರಂಗ ದಾಟಿ ಬಲಕ್ಕೆ ತಿರುಗಿದರೆ ಕೋಕ್ಸರ್, ಗ್ರಾಂಫು, ಆಮೇಲೆ ಛತ್ರು, ಬಾತಲ್. ಚಂದ್ರಾ ನದಿಯ ಪಕ್ಕದಲ್ಲೇ ರಸ್ತೆ. ಮನೆಯಷ್ಟು ದೊಡ್ಡ ಬಂಡೆಗಳು ಎಲ್ಲೆಂದರಲ್ಲಿ ಬಿದ್ದಿರುತ್ತವೆ. ನೋಡಿದ ಕೂಡಲೇ ನಮ್ಮವರು "ಥೇಟ್ ಸಾಣಾಪುರ ಇದ್ದಂಗೈತಿ" ಅನ್ನುತ್ತಾರೆ. ಹತ್ತಿರ ಹೋದರೆ ಲೆಕ್ಕವೇ ಬೇರೆ.

ಆನೆಗುಂದಿ, ಸಾಣಾಪುರದ ಬಂಡೆಗಳು ಎಲ್ಲಿಂದಲೂ ಬಂದವಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಶಿಲಾಪಾಕ ತಣ್ಣಗಾಗಿ ಗ್ರಾನೈಟ್ ಆಯಿತು. ಮೇಲಿನ ಪದರ ಸವೆಯುತ್ತಾ ಹೋದಂತೆ ಅದು ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟಿತು. ಬಿರುಕಿಗೆ ನೀರು ಇಳಿಯಿತು. ಗ್ರಾನೈಟ್‌ನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ನೀರು ತಾಗಿ ತಾಗಿ ಜೇಡಿಯಾಗುತ್ತದೆ. ಮೂಲೆಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಅದೇ ಮೊದಲು ಕರಗುತ್ತದೆ, ಚೌಕವಾಗಿದ್ದದ್ದು ಗುಂಡಗಾಗುತ್ತದೆ. ಆಮೇಲೆ ಮಣ್ಣು ಕೊಚ್ಚಿಹೋಯಿತು, ಗುಂಡುಗಳು ಒಂದರ ಮೇಲೊಂದು ಹಾಗೇ ಉಳಿದವು. ಅದಕ್ಕೇ ಮೇಲಿನ ಬಂಡೆಗೂ ಕೆಳಗಿನದಕ್ಕೂ ಬಣ್ಣ ಒಂದೇ, ಹರಳು ಒಂದೇ.

ಚಂದ್ರಾ ಕಣಿವೆಯಲ್ಲಿ ಅಕ್ಕಪಕ್ಕದ ಎರಡು ಕಲ್ಲಿಗೆ ಸಂಬಂಧವೇ ಇರುವುದಿಲ್ಲ. ಒಂದು ಬಿಳಿ ಗ್ರಾನೈಟ್, ಪಕ್ಕದ್ದು ಕಪ್ಪು ಪದರುಗಲ್ಲು. ಗುಂಡಗೂ ಇಲ್ಲ, ಅಂಚು ಚೂಪು. ರಸ್ತೆಗೆಂದು ದಿಬ್ಬ ಕಡಿದ ಜಾಗದಲ್ಲಿ ನಿಂತು ನೋಡಿ: ಬಂಡೆ, ಜಲ್ಲಿ, ಮರಳು, ನುಣ್ಣನೆ ಹುಡಿ ಎಲ್ಲಾ ಒಟ್ಟಿಗೇ ಕಲೆಸಿಕೊಂಡಿರುತ್ತದೆ. ಹರಿಯುವ ನೀರು ಹೀಗೆ ಬಿಡುವುದಿಲ್ಲ, ಭಾರದ್ದನ್ನು ಮೊದಲು ಇಳಿಸಿ ಹಗುರದ್ದನ್ನು ಮುಂದೆ ಒಯ್ಯುತ್ತದೆ. ಮಂಜುಗಡ್ಡೆಗೆ ಆ ಭೇದ ಇಲ್ಲ. ಸಿಕ್ಕಿದ್ದನ್ನೆಲ್ಲ ಹೊತ್ತು ತಂದು, ಕರಗಿದ ಕಡೆ ಗುಡ್ಡೆ ಹಾಕುತ್ತದೆ. ಇಂಥ ಗುಡ್ಡೆಗೆ ಮೊರೇನ್ ಅನ್ನುತ್ತಾರೆ. ಸುಮಾರು 15 ಸಾವಿರ ವರ್ಷಗಳ ಹಿಂದೆ ಈ ಕಣಿವೆಯಲ್ಲಿ ದೊಡ್ಡ ಹಿಮನದಿಯೇ, ಅಂದರೆ ನಿಧಾನಕ್ಕೆ ಜರುಗುವ ಮಂಜುಗಡ್ಡೆಯ ರಾಶಿಯೇ ಇತ್ತು, ಈಗ ನಾವು ಬೈಕ್ ಓಡಿಸುವುದು ಅದರ ತಳದಲ್ಲಿ. ಎಲ್ಲ ಕಲ್ಲೂ ಅದೇ ತಂದಿದ್ದಲ್ಲ, ಕೆಲವು ಮೇಲಿನ ಇಳಿಜಾರಿನಿಂದ ಉರುಳಿದವು. ಅದೂ ಗೊತ್ತಿರಲಿ.

ಹಿಮನದಿ ತನ್ನ ತಳಕ್ಕೆ ಅಂಟಿದ ಕಲ್ಲುಗಳಿಂದ ನೆಲವನ್ನು ಉಜ್ಜುತ್ತದೆ, ಬೀಸುವ ಕಲ್ಲಿನ ಹಾಗೆ. ಹೊರಗೆ ಬರುವುದು ನಿಜವಾಗಿಯೂ ಹಿಟ್ಟೇ. ಚಂದ್ರಾ ನದಿ ಬೂದುಬಣ್ಣಕ್ಕೆ ಹರಿಯುವುದು ಆ ಕಲ್ಲುಹಿಟ್ಟಿನಿಂದ. ಅದು ಎಷ್ಟು ಸಣ್ಣ ಎಂದರೆ ಬೇಗ ತಳಕ್ಕೆ ಕೂರುವುದೇ ಇಲ್ಲ. ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರೆ ಕೆಂಪಗಿರುವುದು ಮಲೆನಾಡಿನ ಮಣ್ಣಿನಿಂದ, ಇಲ್ಲಿ ಮಣ್ಣಿನ ಮಾತೇ ಇಲ್ಲ.

ಇನ್ನು ಹಳ್ಳಗಳು. ಛತ್ರುವಿನಿಂದ ಬಾತಲ್‌ವರೆಗೆ ರಸ್ತೆಗೆ ಅಡ್ಡವಾಗಿ ಹಳ್ಳ ಹರಿಯುತ್ತವೆ, ಅವುಗಳಿಗೆ ನಾಲಾ ಅನ್ನುತ್ತಾರೆ. ಬೆಳಿಗ್ಗೆ ಆರಕ್ಕೆ ಹೋದರೆ ನೀರು ಪಾದ ಮುಳುಗುವಷ್ಟು. ಅದೇ ಜಾಗಕ್ಕೆ ಮಧ್ಯಾಹ್ನ ಮೂರಕ್ಕೆ ಬನ್ನಿ, ಮೊಣಕಾಲು ದಾಟಿರಬಹುದು, ನೀರಿನಡಿ ಕಲ್ಲು ಉರುಳುವ ಸದ್ದು ಕೇಳುತ್ತದೆ. ಮಳೆ ಒಂದು ಹನಿಯೂ ಬಿದ್ದಿರುವುದಿಲ್ಲ! ರಾತ್ರಿ ಚಳಿಗೆ ಮೇಲೆ ಎಲ್ಲ ಹೆಪ್ಪುಗಟ್ಟುತ್ತದೆ. ಬಿಸಿಲೇರಿದ ಮೇಲೆ ಕರಗಲು ಶುರು. ಕರಗಿದ ನೀರು ಮಂಜಿನ ಸಂದುಗಳಲ್ಲಿ ಇಳಿದು, ಕಲ್ಲಿನ ಕೆಳಗೆ ನುಸುಳಿ ರಸ್ತೆ ಮುಟ್ಟಲು ಇನ್ನೂ ಕೆಲವು ಗಂಟೆ ಬೇಕು. ಹೀಗಾಗಿ ಬಿಸಿಲು ಜಾಸ್ತಿ ಇದ್ದ ದಿನವೇ ಅಪಾಯ ಜಾಸ್ತಿ. ಢಾಬಾದವರು "ಬೆಳಗಿನ ಜಾವವೇ ಹೊರಡಿ" ಅಂದರೆ ಸುಮ್ನೆ ಹೇಳುತ್ತಿಲ್ಲ, ದಯವಿಟ್ಟು ಕೇಳಿ. ಹಳ್ಳ ಏರಿದ್ದರೆ ಅಲ್ಲೇ ಉಳಿದುಬಿಡಿ.

ಈ ನೀರನ್ನೇ ನಂಬಿ ಅಲ್ಲಿ ಬೇಸಾಯ ನಡೆಯುತ್ತದೆ. ಲಾಹೌಲ್‌ನ ರೈತರು ಕಾಲುವೆ ತೋಡಿ, ಅದಕ್ಕೆ ಕೂಲ್ ಅನ್ನುತ್ತಾರೆ, ಮೇಲಿನ ಹಿಮದ ನೀರನ್ನು ಬಟಾಣಿ, ಆಲೂಗಡ್ಡೆ ಹೊಲಕ್ಕೆ ತರುತ್ತಾರೆ. ತುಂಗಭದ್ರಾ ಡ್ಯಾಂನ ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂದು ಕಾಯುವ ನಮಗೆ ಆ ಬದುಕು ಹೊಸದಲ್ಲ. ಎಲ್ಲೋ ದೂರದಲ್ಲಿ ಬಿದ್ದ ನೀರಿನಿಂದ ಬದುಕುವ ಒಣನೆಲ ಎರಡೂ.

ಛತ್ರು-ಬಾತಲ್ ನಡುವೆ, ನದಿಯ ಆಚೆ ದಂಡೆಯಲ್ಲಿ ಛೋಟಾ ಶಿಗ್ರಿ ಎಂಬ ಹಿಮನದಿ ಇದೆ. ವಿಸ್ತಾರ ಸುಮಾರು 15 ಚದರ ಕಿ.ಮೀ. 2002ರಿಂದ ವಿಜ್ಞಾನಿಗಳು ಇದನ್ನು ವರ್ಷ ವರ್ಷವೂ ಅಳೆಯುತ್ತಿದ್ದಾರೆ. ಮಂಜಿನಲ್ಲಿ ತೂತು ಕೊರೆದು ಬಿದಿರಿನ ಗಳ ಇಳಿಸುತ್ತಾರೆ, ಮುಂದಿನ ವರ್ಷ ಬಂದು ಗಳ ಎಷ್ಟು ಹೊರಬಿದ್ದಿದೆ ಎಂದು ನೋಡುತ್ತಾರೆ. ಮೇಲ್ಭಾಗದಲ್ಲಿ ಗುಂಡಿ ತೋಡಿ ಹೊಸ ಹಿಮ ಎಷ್ಟು ಸೇರಿದೆ ಎಂದು ಲೆಕ್ಕ ಹಾಕುತ್ತಾರೆ. ಸೇರಿದ್ದರಲ್ಲಿ ಕರಗಿದ್ದನ್ನು ಕಳೆದರೆ ವರ್ಷಕ್ಕೆ ಸರಾಸರಿ ಸುಮಾರು ಅರ್ಧ ಮೀಟರ್ ನೀರಿನಷ್ಟು ನಷ್ಟ. ಇಡೀ ಹಿಮನದಿಗೆ ಹರಡಿ ಗುಣಿಸಿದರೆ ಕಾಲು ಟಿಎಂಸಿ.

ನಮ್ಮ ಡ್ಯಾಂ ಲೆಕ್ಕದಲ್ಲಿ ಕಾಲು ಟಿಎಂಸಿ ದೊಡ್ಡದಲ್ಲ. ಆದರೆ ಡ್ಯಾಂ ಒಂದೇ ಮಳೆಗಾಲದಲ್ಲಿ ತುಂಬಬಹುದು, ಇದು ತುಂಬುತ್ತಿಲ್ಲ. ಕರಗುವುದು ಹೆಚ್ಚಾದ ಮೊದಲ ವರ್ಷಗಳಲ್ಲಿ ಹಳ್ಳದಲ್ಲಿ ನೀರು ಜಾಸ್ತಿಯೇ ಬರುತ್ತದೆ, ರೈತನಿಗೆ ಕೊರತೆ ಕಾಣುವುದಿಲ್ಲ. ಮಂಜು ಚಿಕ್ಕದಾದ ಮೇಲೆ ನೀರು ಇಳಿಯುತ್ತದೆ. ಛೋಟಾ ಶಿಗ್ರಿಯಂಥದ್ದಕ್ಕೆ ಇನ್ನೂ ಕಾಲ ಇದೆ. ಊರಿನ ನೆತ್ತಿಯ ಮೇಲಿರುವ ಸಣ್ಣ ಸಣ್ಣ ಹಿಮನದಿಗಳಿಗೆ ಅಷ್ಟು ಕಾಲ ಇಲ್ಲ, ಬಹಳಷ್ಟು ಕೂಲ್‌ಗಳು ಶುರುವಾಗುವುದು ಅಂಥವುಗಳ ಬುಡದಿಂದಲೇ.