ಫಿಲ್ಲಿಂಗ್‌ನ ಗುಟ್ಟು ಸಿರಿಂಜ್‌ನ ತುದಿಯಲ್ಲೂ ಇದೆ

ಹಲ್ಲಿನ ಫಿಲ್ಲಿಂಗ್ ಕೈಕೊಟ್ಟರೆ ನಾವು ಬೈಯುವುದು ಅದಕ್ಕೆ ಹಾಕಿದ ಮಾಲನ್ನು, ಇಲ್ಲವೇ ಹಾಕಿದ ಡಾಕ್ಟರನ್ನು. ಸಿರಿಂಜ್ ಯಾರ ನೆನಪಿಗೂ ಬರುವುದಿಲ್ಲ. ಆದರೆ ಹೊಸ ಫ್ಲೋಯಬಲ್ ಕಾಂಪೋಸಿಟ್ (ಸಿರಿಂಜ್‌ನಿಂದ ಹರಿಸಿ ತುಂಬುವ ಫಿಲ್ಲಿಂಗ್ ಮಾಲು) ಒಂದನ್ನು ದಂತವೈದ್ಯರಿಗೆ ಕೊಟ್ಟು ‘ಹೇಗಿದೆ? ಅಂಕ ಕೊಡಿ’ ಎಂದು ಕೇಳಿ ನೋಡಿ. ಬಣ್ಣ, ಹೊಳಪಿನ ಜೊತೆಗೆ ಸಿರಿಂಜ್ ಬಗ್ಗೆಯೂ ಮಾತು ಬರುತ್ತದೆ. ಒತ್ತಲು ಎಷ್ಟು ಬಲ ಬೇಕು? ತುದಿ ಹಿಂದಿನ ದವಡೆ ಹಲ್ಲಿನವರೆಗೆ ಹೋಗುತ್ತದಾ? ಗುಳ್ಳೆ ಬರುತ್ತದಾ? ಒತ್ತುವುದನ್ನು ನಿಲ್ಲಿಸಿದ ಮೇಲೂ ಸೋರುತ್ತದಾ?

ಇವೆಲ್ಲ ಬರೀ ಅನುಕೂಲದ ಮಾತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದೊಂದು ಪ್ರಶ್ನೆಯ ಹಿಂದೆಯೂ ಸೊಗಸಾದ ಭೌತಶಾಸ್ತ್ರವಿದೆ.

ಕಾಂಪೋಸಿಟ್ ಅಂದರೆ ಅಂಟಾದ ರಾಳದಲ್ಲಿ ಗಾಜಿನಂಥ ನುಣ್ಣನೆಯ ಪುಡಿ ಕಲಸಿದ ಮಿಶ್ರಣ. ಮಾಮೂಲಿ ಕಾಂಪೋಸಿಟ್‌ನ ತೂಕದಲ್ಲಿ ಶೇಕಡಾ 75–80ರಷ್ಟು ಪುಡಿಯೇ. 1990ರ ದಶಕದ ನಡುವೆ ಬಂದ ಫ್ಲೋಯಬಲ್‌ಗಳಲ್ಲಿ ಪುಡಿ ಕಡಿಮೆ, ಅದಕ್ಕೇ ಅವು ಹರಿಯುತ್ತವೆ. ನೀಲಿ ಬೆಳಕು ಬಿದ್ದು ಗಟ್ಟಿಯಾಗುವಾಗ ಜಾಸ್ತಿ ಕುಗ್ಗುತ್ತವೆ ಕೂಡ. ಪುಡಿ ಕಡಿಮೆ ಮಾಡಿದ್ದಕ್ಕೆ ತೆರುವ ಬೆಲೆ ಅದು.

ಹರಿಯುವುದು ಅಂದೆ, ಆದರೆ ನೀರಿನಂತೆ ಅಲ್ಲ. ಗೋಡೆಯ ಪೇಂಟ್ ನೋಡಿ: ಬ್ರಷ್ ಎಳೆದಾಗ ತೆಳ್ಳಗಾಗಿ ಜಾರುತ್ತದೆ, ಬಿಟ್ಟ ಮೇಲೆ ಇಳಿಯದೆ ಗೋಡೆಯಲ್ಲೇ ನಿಲ್ಲುತ್ತದೆ. ಫ್ಲೋಯಬಲ್ ಕೂಡ ಹಾಗೆಯೇ. ಸಿರಿಂಜ್ ತುದಿಯ ಸೂಜಿಯೊಳಗೆ ನುಗ್ಗುವಾಗ ಸಡಿಲ, ಹಲ್ಲಿನ ಕುಳಿಯಲ್ಲಿ ಕೂತ ಮೇಲೆ ಮಂದ.

ಇನ್ನು ಆ ಸೂಜಿ. ಇದಕ್ಕೆ ಸ್ವಲ್ಪ ಇತಿಹಾಸ ಬೇಕು. ಫ್ರಾನ್ಸ್‌ನ ವೈದ್ಯ ಪ್ವಾಸೆಯ್ ಅವರಿಗೆ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂಬ ಕುತೂಹಲ. 1840ರ ಸುಮಾರಿಗೆ ಅವರು ಕೂದಲಿನಂಥ ಸಣ್ಣ ಗಾಜಿನ ಕೊಳವೆಗಳಲ್ಲಿ ದ್ರವ ಹರಿಸಿ ಅಳೆಯುತ್ತಾ ಕೂತರು. ಜರ್ಮನಿಯ ಎಂಜಿನಿಯರ್ ಹಾಗೆನ್ ಕೂಡ ಬೇರೆಯಾಗಿಯೇ ಅದೇ ನಿಯಮ ಕಂಡುಕೊಂಡಿದ್ದರು. ಕೊಳವೆಯ ಅಗಲ ಅರ್ಧವಾದರೆ, ಅಷ್ಟೇ ಹೊತ್ತಿನಲ್ಲಿ ಅಷ್ಟೇ ದ್ರವ ಹೊರಬರಲು 16 ಪಟ್ಟು ಒತ್ತಡ ಬೇಕು! ಎರಡಲ್ಲ, ನಾಲ್ಕಲ್ಲ, ಹದಿನಾರು. ಇದು ನೀರಿನಂಥ ದ್ರವದ ಲೆಕ್ಕ. ಒತ್ತಿದಷ್ಟೂ ತೆಳ್ಳಗಾಗುವ ಫ್ಲೋಯಬಲ್‌ಗೆ ಒತ್ತಡ ಅಷ್ಟು ಏರುವುದಿಲ್ಲ, ಆದರೂ ಏರುವುದಂತೂ ಖಂಡಿತ. 20 ಗೇಜ್ (ಗೇಜ್ ಅಂದರೆ ಸೂಜಿಯ ದಪ್ಪದ ಅಳತೆ) ಸೂಜಿಯ ಒಳಗಿನ ಅಗಲ ಸುಮಾರು 0.6 ಮಿಲಿಮೀಟರ್. ಅದನ್ನು ಇನ್ನೊಂದು ಕೂದಲಿನಷ್ಟು ಕಿರಿದಾಗಿಸಿದರೂ ಡಾಕ್ಟರ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಸೂಜಿ ಕಿರಿದಾದಷ್ಟೂ ಗುರಿ ಚೆನ್ನ, ಒತ್ತುವುದು ಕಷ್ಟ. ಜೋರಾಗಿ ಒತ್ತುವ ಕೈ ನಡುಗಿದರೆ ಗುರಿಯೂ ಹೋಯಿತು.

ನನಗೆ ತುಂಬಾ ಇಷ್ಟವಾದದ್ದು ಸೋರುವಿಕೆಯ ಪ್ರಶ್ನೆ. ಕೈ ಬಿಟ್ಟ ಮೇಲೂ ಮಾಲು ಯಾಕೆ ಬರುತ್ತದೆ? ಸಿರಿಂಜ್ ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ, ಒತ್ತಿದಾಗ ಅದು ಕುಗ್ಗುತ್ತದೆ. ಗಾಳಿಯ ಈ ಗುಣವನ್ನು ರಾಬರ್ಟ್ ಬಾಯ್ಲ್ 1662ರಲ್ಲೇ ಹೇಳಿದ್ದರು. ಕೈ ಸಡಿಲಿಸಿದ ಕೂಡಲೇ ಗಾಳಿ ಹಿಗ್ಗಿ ಮುಂದಿನ ಮಾಲನ್ನು ನೂಕುತ್ತದೆ. ಸೋರುತ್ತದೆ ಎಂದು ಪ್ಲಂಜರ್ (ಸಿರಿಂಜ್‌ನ ಒತ್ತುವ ದಂಡ) ಹಿಂದಕ್ಕೆ ಎಳೆದರೆ ತುದಿಯಿಂದ ಇನ್ನಷ್ಟು ಗಾಳಿ ಒಳಗೆ! ಮುಂದಿನ ಸಲ ಅದೇ ಗಾಳಿ ಗುಳ್ಳೆಯಾಗಿ ಹಲ್ಲಿನೊಳಗೆ ಕೂರುತ್ತದೆ.

ಗುಳ್ಳೆ ಚಿಕ್ಕದು, ತೊಂದರೆ ಚಿಕ್ಕದಲ್ಲ. ಗಾಳಿಯ ಆಮ್ಲಜನಕ ರಾಳ ಗಟ್ಟಿಯಾಗುವುದನ್ನು ತಡೆಯುತ್ತದೆ, ಹಾಗಾಗಿ ಗುಳ್ಳೆಯ ಒಳಗೋಡೆ ಅಂಟಂಟಾಗಿಯೇ ಉಳಿಯುತ್ತದೆ. ಎಕ್ಸ್‌ರೇಯಲ್ಲಿ ಕಪ್ಪಾಗಿ ಕಂಡು ಮತ್ತೆ ಹುಳುಕು ಬಂತೇನೋ ಎಂಬ ಅನುಮಾನ ಹುಟ್ಟಿಸಬಹುದು. ಹಲ್ಲು ಮತ್ತು ಫಿಲ್ಲಿಂಗ್ ಕೂಡುವ ಅಂಚಿನಲ್ಲೇ ಕೂತರೆ ಅಲ್ಲಿ ಬ್ಯಾಕ್ಟೀರಿಯಾ ಸೇರಲು ಜಾಗ. ‘ಫಿಲ್ಲಿಂಗ್ ಕೆಳಗೆ ಹುಳ ಉಳಿದುಬಿಟ್ಟಿತ್ತು’ ಎಂದು ಈಗಲೂ ಹೇಳುವವರನ್ನು ಕಂಡರೆ ಬೇಜಾರಾಗುತ್ತದೆ. ಫ್ರಾನ್ಸ್‌ನ ದಂತವೈದ್ಯ ಪಿಯರ್ ಫೋಶಾರ್ 1728ರಲ್ಲೇ ತಮ್ಮ ಪುಸ್ತಕದಲ್ಲಿ ಈ ಹುಳದ ನಂಬಿಕೆಯನ್ನು ಅಲ್ಲಗಳೆದಿದ್ದರು. 1890ರಲ್ಲಿ ಅಮೆರಿಕದ ದಂತವೈದ್ಯ ವಿಲೊಬಿ ಮಿಲ್ಲರ್ ನಿಜವಾದ ಕಾರಣ ವಿವರಿಸಿದರು: ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತದೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಹುಳಕ್ಕೆ ಇಲ್ಲಿ ಕೆಲಸವೇ ಇಲ್ಲ.

ಗುಳ್ಳೆ ತಪ್ಪಿಸಲು ದಂತವೈದ್ಯರು ಮೊದಲ ಹನಿಯನ್ನು ಹೊರಗೆ ಒತ್ತಿ ತುದಿಯ ಗಾಳಿ ಓಡಿಸುತ್ತಾರೆ. ಆಮೇಲೆ ತುದಿಯನ್ನು ಕುಳಿಯ ತಳಕ್ಕೆ ಮುಟ್ಟಿಸಿ, ಮಾಲಿನಲ್ಲಿ ಮುಳುಗಿಸಿಕೊಂಡೇ ನಿಧಾನವಾಗಿ ಮೇಲೆ ತರುತ್ತಾರೆ. ಸಿರಿಂಜ್ ಒಳ್ಳೆಯದಾದರೆ ಈ ಕೆಲಸ ಸಲೀಸು.

ಇಷ್ಟಾದರೂ ಡಾಕ್ಟರುಗಳು ಸಿರಿಂಜ್‌ಗೆ ಕೊಡುವ ಅಂಕಗಳನ್ನು ಓದುವಾಗ ಎಚ್ಚರ ಬೇಕು. ಕೈಗೆ ಹಿತವಾದ ಸಿರಿಂಜ್ ಎಂದ ಮಾತ್ರಕ್ಕೆ ಫಿಲ್ಲಿಂಗ್ ಜಾಸ್ತಿ ಬಾಳುತ್ತದೆ ಎಂದಾಗುವುದಿಲ್ಲ. ದೊಡ್ಡ ಕೈಗೆ ಹಗುರವಾದದ್ದು ಚಿಕ್ಕ ಕೈಗೆ ಭಾರ. ಫ್ರಿಜ್‌ನಿಂದ ಆಗ ತಾನೇ ತೆಗೆದ ಮಾಲು ಮಂದವಾಗಿರುತ್ತದೆ, ಆಗ ತಪ್ಪು ತಂಪಿನದ್ದಾದರೂ ಅಂಕ ಕಳೆದುಕೊಳ್ಳುವುದು ಸಿರಿಂಜ್. ಎರಡು ಸಿರಿಂಜ್‌ಗಳನ್ನು ಹೋಲಿಸುವವರು ತುದಿಯ ಗೇಜ್ ಎಷ್ಟು, ಮಾಲು ಕೋಣೆಯ ಬಿಸಿಗೆ ಬಂದಿತ್ತಾ ಎಂಬುದನ್ನೂ ಅಂಕದ ಪಕ್ಕದಲ್ಲೇ ಬರೆಯಬೇಕು.